ಕಡ್ಡಿಯನ್ನು ಗುಡ್ಡ ಮಾಡಲು ಹೋಗಿ

ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದಾಗ ಬಚ್ಚಲುಮನೆಯಿಂದ ದಡಾರೆಂದು ಸದ್ದು ಬಂತು. ಕಡ್ಡಿ ಓಡಿಹೋಗಿ ನೋಡಿದರೆ ಹೆಂಡತಿ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಊರುಗೋಲು ಅತ್ತ ಬಿದ್ದಿತ್ತು, ಚೊಂಬು ಇತ್ತ ಉರುಳಿತ್ತು.

"ಏನೂ ಆಗಿಲ್ಲ," ಅಂದಳು. "ಜಾರಿತು ಅಷ್ಟೆ. ಎಬ್ಬಿಸಿ."

ಕಡ್ಡಿ ಅವಳ ಕಂಕುಳಿಗೆ ಕೈ ಕೊಟ್ಟು ಎಳೆದ. ಅವಳು ಒಂದು ಗೇಣು ಎದ್ದಳು, ಮತ್ತೆ ಕುಸಿದಳು. ಎರಡನೇ ಸಲ ಎಳೆದಾಗ ಅವನೇ ಜಾರಿ ಪಕ್ಕದಲ್ಲಿ ಕೂತುಬಿಟ್ಟ.

"ರೀ, ಒಬ್ಬರು ಬಿದ್ದಿದ್ದು ಸಾಕಿತ್ತು," ಅಂದಳು ಅವಳು.

ಕಡ್ಡಿ ಎಂಬುದು ಮದುವೆಯಾದ ಹೊಸದರಲ್ಲಿ ಹೆಂಡತಿಯ ಕಡೆಯವರು ಇಟ್ಟ ಹೆಸರು. ಉದ್ದಕ್ಕೆ, ಸಣ್ಣಕ್ಕೆ, ಜೋರು ಗಾಳಿ ಬಂದರೆ ಕಂಬ ಹಿಡಿದುಕೊಳ್ಳಬೇಕು ಎನ್ನುವ ಹಾಗಿದ್ದ. ಐವತ್ತು ದಾಟಿದರೂ ಹಾಗೆಯೇ ಇದ್ದ. ಮನೆಯ ಮುಂದಿನ ಕೋಣೆಯಲ್ಲಿ ಕೂತು ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲಿನ ಸೆಟ್ ಮಾಡಿಕೊಡುವುದು ಅವನ ಕೆಲಸ. ಬಾಯಿಯ ಅಚ್ಚಿನ ಮೇಲೆ ಮೇಣದ ವಸಡು ಕಟ್ಟಿ, ಅದರಲ್ಲಿ ಒಂದೊಂದೇ ಹಲ್ಲನ್ನು ಕೂರಿಸುವಾಗ ಅವನ ಬೆರಳುಗಳನ್ನು ನೋಡಬೇಕು. ಉಸಿರಾಡುವುದೂ ಆ ಬೆರಳುಗಳನ್ನು ಕೇಳಿಕೊಂಡೇ ಎನ್ನಿಸುತ್ತಿತ್ತು.

ಹೆಂಡತಿ ಇದಕ್ಕೆ ತದ್ವಿರುದ್ಧ. ಎತ್ತರದ, ಅಗಲ ಭುಜದ ಹೆಂಗಸು. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಗೆ ಎಂದು ಹೇಳುತ್ತಿದ್ದವಳು. ಹೋದ ವರ್ಷ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಕೈ ಸರಿಹೋಯಿತು, ಕಾಲು ಮಾತ್ರ ಅರ್ಧಂಬರ್ಧ ಉಳಿಯಿತು. ಬಾಯಿಗೆ ಏನೂ ಆಗಲಿಲ್ಲವಲ್ಲ, ಅದೇ ನನ್ನ ಪುಣ್ಯ ಎಂದು ಅವಳು ಹೇಳಿದರೆ, ಅದೇ ನನ್ನ ಕರ್ಮ ಎಂದು ಕಡ್ಡಿ ಸೇರಿಸುತ್ತಿದ್ದ.

ಆ ದಿನ ಕೊನೆಗೆ ಅವಳ ತಮ್ಮನಿಗೆ ಫೋನು ಮಾಡಬೇಕಾಯಿತು. ಅಗ್ನಿಶಾಮಕ ದಳದಲ್ಲಿದ್ದ ಅವನು ಎರಡು ಬೀದಿ ಆಚೆ ಇದ್ದ, ರಜೆಯಲ್ಲೂ ಇದ್ದ. ಬಂದವನೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಭಾವ, ನೀವು ಆ ಕಡೆ ಹಿಡೀರಿ... ಬೇಡ ಬಿಡಿ, ನೀವು ಸುಮ್ನೆ ದಾರಿ ಬಿಡಿ ಸಾಕು," ಎಂದು ಅಕ್ಕನನ್ನು ಹತ್ತಿಯ ಮೂಟೆಯ ಹಾಗೆ ಎತ್ತಿ ಮಂಚದ ಮೇಲೆ ಕೂರಿಸಿದ.

"ಅಕ್ಕಾ, ಹಗುರ ಆಗಿದ್ದೀಯಲ್ಲೇ!"

"ಸುಳ್ಳು ಹೇಳಿದ್ರೆ ಹಲ್ಲು ಉದುರುತ್ತೆ. ಆಮೇಲೆ ನಿನ್ನ ಭಾವನ ಹತ್ರಾನೇ ಬರಬೇಕಾಗುತ್ತೆ, ನೋಡ್ಕೋ."

ಅಕ್ಕ ತಮ್ಮ ಇಬ್ಬರೂ ನಕ್ಕರು. ಕಡ್ಡಿಯೂ ನಕ್ಕ. ಆದರೆ ಕೆಲಸದ ಮೇಜಿಗೆ ವಾಪಸು ಹೋದವನಿಗೆ ಕೂರಲಾಗಲಿಲ್ಲ. ಎದ್ದ, ಕಿಟಕಿಗೆ ಹೋದ, ಬಂದ. ಭಾಮೈದ ಡ್ಯೂಟಿಯಲ್ಲಿದ್ದಾಗ ಬಿದ್ದರೆ? ಊರಲ್ಲೇ ಇಲ್ಲದಾಗ ಬಿದ್ದರೆ? ಮೂಲೆಯಲ್ಲಿ ಅಚ್ಚಿಗೆ ಬಳಸುವ ಪ್ಲಾಸ್ಟರ್ ಪುಡಿಯ ಚೀಲ ಇತ್ತು. ಬಾಗಿಲು ಹಾಕಿ ಅದನ್ನು ಎತ್ತಲು ನೋಡಿದ. ಚೀಲ ಮೊಣಕಾಲಿನವರೆಗೆ ಬಂದು ಧಪ್ಪೆಂದು ಬಿತ್ತು. ಕೋಣೆಯೆಲ್ಲ ಬಿಳಿ ಧೂಳು.

"ಏನ್ರೀ ಅದು?" ಒಳಗಿನಿಂದ ಕೂಗು.

"ಏನಿಲ್ಲ, ಚೀಲ."

ಮರುದಿನವೇ ಅವನು ಭಾಮೈದನ ಮನೆಗೆ ಹೋಗಿ ನನ್ನನ್ನೂ ಜಿಮ್‌ಗೆ ಕರಕೊಂಡು ಹೋಗು ಎಂದ. ಭಾಮೈದನಿಗೆ ಹಿಡಿಸಲಾರದ ಖುಷಿ. ಸಂಜೆ ಅಕ್ಕನ ಮುಂದೆಯೇ ಘೋಷಿಸಿದ: "ನೋಡ್ತಿರು ಅಕ್ಕ, ಮೂರು ತಿಂಗಳಲ್ಲಿ ಕಡ್ಡೀನ ಗುಡ್ಡ ಮಾಡ್ತೀನಿ."

"ಕಡ್ಡೀನ ಗುಡ್ಡ ಮಾಡೋದ್ರಲ್ಲಿ ಇವರೇ ಎತ್ತಿದ ಕೈ," ಅಂದಳು ಅವಳು. "ನೀನು ಬೇರೆ ಯಾಕೆ ಕಷ್ಟಪಡ್ತೀಯ?" ಯಾಕೆ ಹೋಗುತ್ತೀರಿ ಎಂದು ಗಂಡನನ್ನು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಜಿಮ್ ಇದ್ದದ್ದು ಟೈರ್ ಅಂಗಡಿಯ ಹಿಂದೆ, ಒಂದು ಹಳೆಯ ಗೋದಾಮಿನಲ್ಲಿ. ರಬ್ಬರಿನ ವಾಸನೆ, ಬೆವರಿನ ವಾಸನೆ, ಒಂದು ಗೋಡೆಯಗಲಕ್ಕೂ ಕನ್ನಡಿ. ಆ ಕನ್ನಡಿಯಲ್ಲಿ ತನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿಕೊಂಡಾಗ ಕಡ್ಡಿಗೆ ತನ್ನ ಅಡ್ಡಹೆಸರಿನ ಮೇಲೆ ಮೊದಲ ಸಲ ನಂಬಿಕೆ ಬಂತು. ಭಾಮೈದ ತಾನು ಮಾಡುವುದನ್ನೇ ಅವನಿಗೂ ಹೇಳಿಕೊಟ್ಟ. ಹೆಗಲ ಮೇಲೆ ಕಬ್ಬಿಣದ ಬಾರ್ ಇಟ್ಟುಕೊಂಡು ಬಸ್ಕಿ, ನೆಲದಿಂದ ಬಾರ್ ಎತ್ತುವುದು, ಕಂಬಿಗೆ ಜೋತುಬೀಳುವುದು. ತೂಕವೊಂದು ಕಡಿಮೆ, ಉಳಿದದ್ದೆಲ್ಲ ಅದೇ. ಭಾಮೈದ ಗಿಡ್ಡ ಕಾಲಿನ, ಗಟ್ಟಿ ಮುಂಡದ ಆಳು. ಅವನು ಬಸ್ಕಿ ಹೊಡೆದರೆ ಗುಂಡುಕಲ್ಲು ಇಳಿದು ಎದ್ದಂತೆ. ಕಡ್ಡಿ ಬಸ್ಕಿಗೆ ಇಳಿದರೆ ಮಡಚು ಕುರ್ಚಿಯ ಹಾಗೆ ಮುಂದಕ್ಕೆ ಮಡಚಿಕೊಳ್ಳುತ್ತಿದ್ದ.

"ಎದೆ ಮೇಲೆ ಮಾಡಿ ಭಾವ, ಎದೆ!"

"ಎದೆ ಎಲ್ಲಿದೆ ಅಂತ ಮೊದಲು ತೋರಿಸು ಮಾರಾಯ."

ದಿನ ಬಿಟ್ಟು ದಿನ ಬನ್ನಿ ಎಂದು ಭಾಮೈದ ಹೇಳಿದ್ದ. ಕಡ್ಡಿಗೆ ಬಿಡುವ ದಿನವೇ ತಡೆಯಲಾಗುತ್ತಿರಲಿಲ್ಲ. ಸುಮ್ಮನೆ ಕೂತರೆ ಬಚ್ಚಲುಮನೆಯ ನೆಲ ಕಣ್ಣಿಗೆ ಬರುತ್ತಿತ್ತು. ದಿನಾ ಹೋಗತೊಡಗಿದ. ಆಮೇಲೆ ಬೆಳಿಗ್ಗೆಯೂ ಸಂಜೆಯೂ. ಮಧ್ಯೆ ಮೊಬೈಲಿನಲ್ಲಿ ವೀಡಿಯೊ. ತೂಕ ಹೆಚ್ಚಿಸಿ ಎಂದು ಒಬ್ಬ, ತೂಕ ಮುಟ್ಟಲೇಬೇಡಿ ಎಂದು ಇನ್ನೊಬ್ಬ. ಒಬ್ಬ ಹೇಳಿದ್ದನ್ನು ಕಡ್ಡಿ ಶುರುಮಾಡುವಷ್ಟರಲ್ಲಿ ಮತ್ತೊಬ್ಬ ಅದನ್ನು ಅಳಿಸಿಹಾಕಿರುತ್ತಿದ್ದ. ಹತ್ತು ಕಡೆ ಗುಂಡಿ ತೋಡಿ ಎಲ್ಲೂ ನೀರು ಕಾಣದವನ ಪಾಡಾಯಿತು. ಮೈಯೆಲ್ಲ ನೋವು, ರಾತ್ರಿ ನಿದ್ದೆ ಸರಿಯಿಲ್ಲ. ಆದರೂ ಬೆಳಗಾದರೆ ಕಾಲು ತಾನಾಗಿ ಟೈರ್ ಅಂಗಡಿಯ ಕಡೆ ತಿರುಗುತ್ತಿತ್ತು.

ನಿಜವಾದ ಹೊಡೆತ ಬಿದ್ದದ್ದು ಕೈಗೆ. ಬಾರ್ ಹಿಡಿದು ಹಿಡಿದು ಮುಂಗೈ ಕಲ್ಲಾಗಿತ್ತು. ಮೇಣದಲ್ಲಿ ಹಲ್ಲು ಕೂರಿಸಲು ಹೋದರೆ ಬೆರಳು ನಡುಗುತ್ತಿತ್ತು. ಮೊದಲ ದಿನ ಹಸಿವು ಅಂದುಕೊಂಡ, ಎರಡನೆಯ ದಿನ ಕಣ್ಣಿನ ದೋಷ ಅಂದುಕೊಂಡ. ಒಬ್ಬ ನಿವೃತ್ತ ಹೆಡ್‌ಮೇಷ್ಟ್ರಿಗೆ ಮಾಡಿದ ಸೆಟ್ ಕಳಿಸಿಯಾಗಿತ್ತು. ಹಲ್ಲಿನ ಡಾಕ್ಟರಮ್ಮ ಫೋನು ಮಾಡಿದರು.

"ನಿಮ್ಮ ಕೈಯದೇನಾ ಇದು?" ಅಂದರು. "ಎಡಗಡೆ ಕೋರೆಹಲ್ಲು ಬೀದಿ ನೋಡ್ತಿದೆ. ಮೇಷ್ಟ್ರು ನಕ್ಕರೆ ಕಚ್ಚೋಕೆ ಬಂದ ಹಾಗಿದೆ. ಪಾಪ, ಅವರು ಮೊಮ್ಮಗು ಮುಂದೆ ಬಾಯಿ ಮುಚ್ಕೊಂಡು ಕೂತಿದ್ದಾರೆ."

ಇಷ್ಟು ವರ್ಷದಲ್ಲಿ ಹೀಗೆ ಕೆಲಸ ವಾಪಸು ಬಂದದ್ದಿರಲಿಲ್ಲ. ಕಡ್ಡಿ ಸೆಟ್ ತರಿಸಿಕೊಂಡು, ಬಲ ಮೊಣಕೈಯನ್ನು ಮೇಜಿಗೆ ಒತ್ತಿ, ಉಸಿರು ಬಿಗಿಹಿಡಿದು ಸರಿಮಾಡಿದ. ಕಿವಿಯವರೆಗೆ ಕೆಂಪಾಗಿತ್ತು ಮುಖ. ಹೆಂಡತಿ ಬಾಗಿಲಲ್ಲಿ ಕೋಲೂರಿ ನಿಂತು ನೋಡುತ್ತಿದ್ದಳು.

"ರೀ, ಒಬ್ಬರ ಹಲ್ಲಿನ ಸೆಟ್ ಇನ್ನೊಬ್ಬರ ಬಾಯಿಗೆ ಕೂತಿದ್ದನ್ನ ಕಂಡಿದ್ದೀರಾ?"

"ಯಾಕೆ?"

"ನನ್ನ ತಮ್ಮನ ಕಸರತ್ತು ನಿಮ್ಮ ಮೈಗೆ ಕೂರುತ್ತಾ ಅಂತ ಕೇಳ್ದೆ ಅಷ್ಟೆ."

"ಶುರುವಿನಲ್ಲಿ ಎಲ್ಲರಿಗೂ ಹೀಗೇ ಅಂತೆ," ಎಂದು ಕಡ್ಡಿ ತಲೆಯೆತ್ತದೆ ಹೇಳಿದ. ಅವತ್ತು ಸಂಜೆ ಹೋಗಿ, ಹಟಕ್ಕೆ ಬಿದ್ದು, ಬಾರ್‌ಗೆ ತೂಕದ ಇನ್ನೊಂದು ತಟ್ಟೆ ಏರಿಸಿದ. ನೆಲದಿಂದ ಎತ್ತುವಾಗ ಸೊಂಟದಲ್ಲಿ ಏನೋ ಛಳಕ್ಕೆಂದಿತು. ಬಾರ್ ಒಂದು ಕಡೆ, ಕಡ್ಡಿ ಒಂದು ಕಡೆ.

ಭಾಮೈದನೇ ಹೊತ್ತು ತಂದು ಮಲಗಿಸಿದ. ಆ ಮನೆಯಲ್ಲಿ ಅವನು ಎತ್ತಿದ ಎರಡನೆಯ ಆಳು. ಡಾಕ್ಟರು ಮೂಳೆಗೆ ಏನೂ ಆಗಿಲ್ಲ, ಸ್ನಾಯು ಉಳುಕಿದೆ, ಮಲಗಿಯೇ ಇರಬೇಡಿ, ಮನೆಯೊಳಗೆ ನಿಧಾನಕ್ಕೆ ಓಡಾಡಿ, ಭಾರ ಮಾತ್ರ ಮುಟ್ಟಬೇಡಿ ಎಂದರು. ಕಡ್ಡಿಗೆ ಅದು ಜೈಲಾಯಿತು. ಮಲಗಿದರೆ ಹಾಸಿಗೆ ಮುಳ್ಳು, ಎದ್ದರೆ ಸೊಂಟ ಬೆಂಕಿ. ಹೆಂಡತಿ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ನೀರಿನ ಲೋಟ ಹಿಡಿದು ಅಡುಗೆಮನೆಯಿಂದ ಬರುವಾಗ ಕಡ್ಡಿ ಗೋಡೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದ. ಅವಳು ಅರ್ಧ ಚೆಲ್ಲಿದ ಲೋಟವನ್ನು ಮಾತಿಲ್ಲದೆ ಇಟ್ಟು ಹೋಗುತ್ತಿದ್ದಳು. ಮಾತಿಲ್ಲದೆ ಹೋಗುವುದು ಅವಳ ಜಾಯಮಾನವಲ್ಲ.

ಸೊಂಟ ನೆಟ್ಟಗಾದ ಮೇಲೆ ಮತ್ತೆ ಜಿಮ್‌ಗೆ ಹೋದ. ಭಾಮೈದನಿಗೆ ತಿಳಿಸದೆ, ಅವನಿಲ್ಲದ ಹೊತ್ತು ನೋಡಿ, ಬೆಳಿಗ್ಗೆ ಹತ್ತಕ್ಕೆ. ಆ ಹೊತ್ತಿನಲ್ಲಿ ಅಲ್ಲಿ ಹೆಂಗಸರಿಗೆ ಹೇಳಿಕೊಡುವ ಒಬ್ಬಾಕೆ ಇರುತ್ತಿದ್ದರು. ಕುಳ್ಳಗೆ, ನರೆಗೂದಲು, ಕೊರಳಲ್ಲಿ ಸೀಟಿ. ಎಲ್ಲರೂ ಕೋಚಮ್ಮ ಅನ್ನುತ್ತಿದ್ದರು. ಕಡ್ಡಿ ಬಾರ್ ಹತ್ತಿರ ಹೋಗುವುದು, ಮುಟ್ಟುವುದು, ಹಿಂದೆ ಬರುವುದು, ಮತ್ತೆ ಹೋಗುವುದು ಮಾಡುತ್ತಿದ್ದುದನ್ನು ಅವರು ಸುಮಾರು ಹೊತ್ತು ನೋಡಿದರು.

"ಅದು ಕಚ್ಚಲ್ಲ ಸಾರ್," ಅಂದರು. "ಆದ್ರೆ ನೀವು ಅದನ್ನ ಎತ್ತಲೇಬೇಕು ಅಂತ ಯಾರು ಹೇಳಿದ್ರು?"

"ಶಕ್ತಿ ಬರಬೇಕಲ್ಲ ಮೇಡಂ."

"ಏನು ಎತ್ತೋಕೆ?"

"ಹಾಗೇ... ಆರೋಗ್ಯಕ್ಕೆ."

ಕಡ್ಡಿ ಕಿಟಕಿ ನೋಡಿದ, ನೆಲ ನೋಡಿದ. ಕೊನೆಗೆ ಅಂದ: "ಹೆಂಡತೀನ. ಅವಳು ಬಿದ್ದಾಗ."

ಇದಕ್ಕೆ ನಗು ಬರುತ್ತದೆ ಎಂದು ಅವನು ಕಾದ. ಬರಲಿಲ್ಲ.

"ಅವರನ್ನ ಕೇಳಿದ್ರಾ?"

"ಏನಂತ?"

"ಎತ್ತಲಾ ಅಂತ."

ಇದೆಂಥ ಮಾತು ಎಂದು ಕಡ್ಡಿ ದಾರಿಯುದ್ದಕ್ಕೂ ಗೊಣಗಿಕೊಂಡೇ ಮನೆಗೆ ಬಂದ. ಬಿದ್ದವರನ್ನು ಎತ್ತಲು ಅಪ್ಪಣೆ ಬೇಕೇ? ಆದರೆ ತಲೆಯಲ್ಲಿ ಹೊಕ್ಕ ಹುಳು ಹೊರಗೆ ಬರಲಿಲ್ಲ. ಹೆಂಡತಿ ಬಟ್ಟೆ ಮಡಚುತ್ತಾ ಕೂತಿದ್ದಳು. ಅವನು ಎದುರಿಗೆ ನಿಂತು, ಕುಳಿತು, ಮತ್ತೆ ನಿಂತು, ಎಲ್ಲವನ್ನೂ ಹೇಳಿದ: ಜಿಮ್ ಯಾಕೆ, ಬಾರ್ ಯಾಕೆ, ಆ ಕೋಚಮ್ಮ ಏನು ಕೇಳಿದರು.

ಅವಳು ಕೈಯಲ್ಲಿದ್ದ ಅಂಗಿಯನ್ನು ಕೆಳಗಿಟ್ಟಳು.

"ಇಷ್ಟು ದಿನ ನಾನೇನು ಅಂದ್ಕೊಂಡಿದ್ದೆ ಗೊತ್ತಾ? ಹೆಂಡತಿ ಕುಂಟಿ ಆದ್ಳು, ಇವರಿಗೆ ಈಗ ಹೊಸ ಪ್ರಾಯ ಬಂದಿದೆ ಅಂತ."

"ಛೇ! ಏನು ಮಾತು ಅಂತ ಆಡ್ತೀಯ."

"ಮತ್ತೆ? ಬಾಯಿ ಬಿಟ್ಟು ಹೇಳಿದ್ರಾ ನೀವು?" ಅವಳ ದನಿ ಏರಿತು. ಬಸ್ ನಿಲ್ದಾಣದ ಆ ತುದಿಗೆ ಕೇಳಿಸಿ ಅಭ್ಯಾಸವಿದ್ದ ದನಿ. "ಅವತ್ತು ಬಚ್ಚಲಲ್ಲಿ ನನಗೆ ಬಿದ್ದಿದ್ದಕ್ಕೆ ನಾಚಿಕೆ ಆಗಲಿಲ್ಲ ರೀ. ಎಲ್ಲರೂ ಬೀಳ್ತಾರೆ. ತಮ್ಮ ಬಂದ ಮೇಲೆ ನೀವು ಆ ಕಡೆ ಹಿಡೀರಿ, ನೀವು ದಾರಿ ಬಿಡಿ ಅಂತ ನನ್ನ ತಲೆ ಮೇಲೆ ಮಾತಾಡಿಕೊಂಡ್ರಲ್ಲ, ಬೀರು ಸಾಗಿಸೋರ ಹಾಗೆ, ಅದಕ್ಕೆ ಆಯ್ತು. ಒಬ್ಬರಾದ್ರೂ ನನ್ನ ಕೇಳಿದ್ರಾ, ಯಾವ ಕಾಲಲ್ಲಿ ಬಲ ಇದೆ ಅಂತ? ನನ್ನ ಬಲಗಾಲು ಚೆನ್ನಾಗಿದೆ. ಒಂದು ಕುರ್ಚಿ ತಂದುಕೊಟ್ಟಿದ್ರೆ ನೋಡಬಹುದಿತ್ತು."

"ನೀನು ನಕ್ಕೆಯಲ್ಲ ಅವತ್ತು!"

"ನೀವೂ ನಕ್ರಿ."

ಅವಳು ಕೆಳಗಿಟ್ಟ ಅಂಗಿಯನ್ನು ಎತ್ತಿ ಮಡಚಿದಳು. ಆಮೇಲೆ ಅವಳೇ, "ಆ ಕೋಚಮ್ಮನ್ನ ನಾನೊಂದ್ಸಲ ನೋಡಬೇಕು," ಅಂದಳು.

ಆಟೊದಲ್ಲಿ ಕರೆದುಕೊಂಡು ಹೋದ. ಕೋಚಮ್ಮ ಅವಳನ್ನು ನಡೆಸಿದರು, ಕುರ್ಚಿಯಿಂದ ಏಳಿಸಿದರು, ಕೂರಿಸಿದರು. ಆಮೇಲೆ ಚಾಪೆ ಹಾಸಿ, "ನೆಲಕ್ಕೆ ಬನ್ನಿ," ಅಂದರು. ಅವಳ ಮುಖದ ಬಣ್ಣವೇ ಹೋಯಿತು. ಬಚ್ಚಲುಮನೆಯ ಆ ದಿನದಿಂದ ಅವಳು ನೆಲಕ್ಕೆ ಕೂತಿರಲಿಲ್ಲ. ಕುರ್ಚಿ ಹಿಡಿದು ಇಳಿದಳು. ಪಕ್ಕಕ್ಕೆ ಹೊರಳಿ, ಅಂಗೈ ಊರಿ, ಮೊಣಕಾಲಿಗೆ ಬಂದು, ಬಲಗಾಲನ್ನು ಮುಂದಿಟ್ಟು, ಕುರ್ಚಿಗೆ ಭಾರ ಕೊಟ್ಟು ಏಳಬೇಕು. ಮೊಣಕಾಲಿನವರೆಗೆ ಬಂದಳು, ಅಲ್ಲಿಗೆ ನಿಂತಿತು. ಅವತ್ತು ಕೋಚಮ್ಮನೂ ಕಡ್ಡಿಯೂ ಸೇರಿ ಎಬ್ಬಿಸಬೇಕಾಯಿತು. ಆದರೆ ಕೋಚಮ್ಮ ಮೊದಲು ಕೇಳಿದರು: "ಯಾವ ಕಡೆ ಹಿಡೀಲಿ?" ಅವಳು ಹೇಳಿದ ಕಡೆಯೇ ಹಿಡಿದರು.

ವಾರಕ್ಕೆ ಮೂರು ಬೆಳಿಗ್ಗೆ ಅವಳೂ ಬರತೊಡಗಿದಳು. ಕಡ್ಡಿಯ ಲೆಕ್ಕವೂ ಬದಲಾಯಿತು. "ನಿಮ್ಮ ತೊಡೆ ಉದ್ದ, ಮುಂಡ ಗಿಡ್ಡ," ಎಂದರು ಕೋಚಮ್ಮ. "ನಿಮ್ಮ ಭಾಮೈದನ ಥರ ಬಾರ್ ಹೊತ್ತರೆ ಸೊಂಟಕ್ಕೇ ಬೀಳುತ್ತೆ." ಎರಡು ಕೈಗೂ ಡಂಬೆಲ್ ಕೊಟ್ಟು ಮೆಟ್ಟಿಲು ಹತ್ತಿ ಇಳಿಯಲು ಹೇಳಿದರು. ಸೊಂಟ ಸುಮ್ಮನಿತ್ತು, ಬೆರಳು ಮತ್ತೆ ನಡುಗಿತು. ಮಣಿಕಟ್ಟಿಗೆ ಪಟ್ಟಿ ಸುತ್ತಿ ನೋಡಿದರು. ಆಗಲೂ ನಡುಗಿತು. ಕೋಚಮ್ಮನಿಗೂ ತೋಚಲಿಲ್ಲ. "ಕೆಲಸ ಬಿಡಿ, ಇಲ್ಲಾ ಕಸರತ್ತು ಬಿಡಿ," ಎಂದು ಬೇಸರದಲ್ಲಿ ಅಂದುಬಿಟ್ಟರು.

ಎರಡನ್ನೂ ಬಿಡುವ ಹಾಗಿರಲಿಲ್ಲ. ಕೋಪ ಬಂದ ಕಡ್ಡಿ ಹೊರಗೆ ಹೊರಟ. ಗಾಳಿಗೆ ಬಾಗಿಲು ಬಡಿಯದಂತೆ ಅಡ್ಡ ಇಟ್ಟಿದ್ದ ಮರಳಿನ ಚೀಲ ಕಾಲಿಗೆ ತೊಡರಿತು. ಒದೆಯಲು ಹೋದವನು ಅದೇನನ್ನಿಸಿತೋ, ಕೂತು ಅದನ್ನು ಎದೆಗೆ ತಬ್ಬಿಕೊಂಡ. ಬೆರಳಲ್ಲಿ ಹಿಡಿಯಲು ಚೀಲಕ್ಕೆ ಹಿಡಿಯೇ ಇರಲಿಲ್ಲ. ತೋಳು ಸುತ್ತಬೇಕು, ಅಷ್ಟೆ. ಭಾರ ಎದೆಗೆ ಒತ್ತಿದ್ದರಿಂದ ಬೆನ್ನು ತಾನಾಗಿ ನೆಟ್ಟಗಾಯಿತು. ತೊಡೆಗಳು ಗಡಗಡ ಎಂದವು, ಆದರೆ ಎದ್ದ. ಎದ್ದು ಗೋಡೆಯವರೆಗೆ ನಡೆದ, ತಿರುಗಿ ಬಂದ. ಬಾಗಿಲು ಹಿಂದಿನಿಂದ ಧಡ್ ಎಂದು ಮುಚ್ಚಿಕೊಂಡಿತು.

"ಇನ್ನೊಂದು ಸಲ ಮಾಡಿ," ಎಂದರು ಕೋಚಮ್ಮ, ಹತ್ತಿರ ಬಂದು.

ಮರುದಿನ ಮೇಜಿನ ಮುಂದೆ ಕೂತು ಕಡ್ಡಿ ಮೇಣದ ಮೇಲೆ ಮುಂದಿನ ಹಲ್ಲು ಇಟ್ಟ. ಬೆರಳು ಅಲುಗಲಿಲ್ಲ. ಅನುಮಾನ ಬಂದು ತೆಗೆದು ಮತ್ತೆ ಇಟ್ಟ. ಅಲುಗಲಿಲ್ಲ. ಆಮೇಲಿನ ವಾರಗಳಲ್ಲಿ ನೋಡಿ ನೋಡಿ, ಬಿಟ್ಟು ಹಿಡಿದು, ಅವನದೇ ಒಂದು ಕ್ರಮ ಕೂಡಿಬಂತು. ಚೀಲ ತಬ್ಬಿ ಏಳುವುದು, ನಡೆಯುವುದು, ಬರಿಗೈಯಲ್ಲಿ ಮೆಟ್ಟಿಲು, ಗೋಡೆಗೆ ಕೈಯೂರಿ ದಂಡ, ಅಪರೂಪಕ್ಕೆ ಕಂಬಿ. ಕೋರೆಹಲ್ಲು ಕೂರಿಸುವ ಕೆಲಸವಿದ್ದರೆ ಹಿಂದಿನ ದಿನ ಕಂಬಿ ಮುಟ್ಟುವಂತಿಲ್ಲ. ನಡುವೆ ಬಿಡುವಿನ ದಿನಗಳು. ಎಲ್ಲಕ್ಕಿಂತ ಕಷ್ಟ ಈ ಬಿಡುವಿನದೇ. ಮನೆಯೊಳಗೆ ಶತಪಥ ಹಾಕುತ್ತಿದ್ದ, ಮುಚ್ಚಿದ ಕಿಟಕಿ ತೆರೆಯುತ್ತಿದ್ದ, ತೆರೆದದ್ದನ್ನು ಮುಚ್ಚುತ್ತಿದ್ದ.

"ಪ್ರಯಾಣಿಕರ ಗಮನಕ್ಕೆ," ಎಂದು ಒಳಗಿನಿಂದ ದನಿ ಬರುತ್ತಿತ್ತು. "ಅಡುಗೆಮನೆಯಿಂದ ಹೊರಟು ಕಿಟಕಿ ಮಾರ್ಗವಾಗಿ ಮತ್ತೆ ಅಡುಗೆಮನೆಗೆ ಹೋಗುವ ಕಡ್ಡಿಯವರು ದಯವಿಟ್ಟು ಒಂದು ಕಡೆ ಕೂರಬೇಕಾಗಿ ವಿನಂತಿ."

ಅಂಥ ಒಂದು ಬಿಡುವಿನ ಮಧ್ಯಾಹ್ನ ಅವಳು ಅವನ ಕೆಲಸದ ಕೋಣೆಗೆ ಬಂದಳು. ಕುರ್ಚಿಯೊಂದನ್ನು ಗೋಡೆಗೆ ಒತ್ತಿಟ್ಟು, "ನಾನೀಗ ಕೆಳಗೆ ಕೂರ್ತೀನಿ," ಎಂದಳು. "ನೀವು ಕೈ ಹಿಂದೆ ಕಟ್ಕೊಂಡು ನಿಂತ್ಕೊಳ್ಳಿ. ನಾನು ಕರೆದ್ರೆ ಮಾತ್ರ ಬನ್ನಿ."

"ಜಿಮ್‌ನಲ್ಲಿ ಕೋಚಮ್ಮ ಇರ್ತಾರಲ್ಲ, ಅಲ್ಲೇ..."

"ನಾನು ಬೀಳೋದು ಮನೇಲಿ."

ಕೂತಳು. ಹೊರಳಿದಳು. ಅಂಗೈ ಊರಿದ ಕಡೆ ಪ್ಲಾಸ್ಟರ್ ಧೂಳಿನ ಮೇಲೆ ಅಚ್ಚು ಮೂಡಿತು. ಮೊಣಕಾಲಿಗೆ ಬಂದು ನಿಂತಳು, ಏದುಸಿರು ಬಿಟ್ಟಳು. ಬಲಗಾಲು ಮುಂದೆ ಬಂತು. ಎದ್ದಳು ಎನ್ನುವಷ್ಟರಲ್ಲಿ ಎಡಗಾಲು ಜಾರಿ ಕುರ್ಚಿ ಕಿರ್ರೆಂದಿತು. ಕಡ್ಡಿಯ ಕೈ ಹಿಂದಿನಿಂದ ಬಿಡಿಸಿಕೊಂಡು ತಾನಾಗಿ ಮುಂದೆ ಬಂದಿತ್ತು. ತಿಂಗಳುಗಟ್ಟಲೆ ಮರಳು ತಬ್ಬಿದ ತೋಳು. ಈಗ ಎತ್ತಬಲ್ಲೆ ಎಂದು ಅವನಿಗೆ ಗೊತ್ತಿತ್ತು, ತೋಳಿಗೂ ಗೊತ್ತಿತ್ತು. ಅವಳು ಕತ್ತೆತ್ತಿ ನೋಡಿದಳು. ಅಷ್ಟೇ ನೋಡಿದ್ದು. ಅವನು ಹಲ್ಲು ಕಚ್ಚಿ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಬಾರ್ ಎತ್ತಿದ ಯಾವ ದಿನವೂ ಮೈ ಹೀಗೆ ಬೆವತಿರಲಿಲ್ಲ.

ಅವಳು ಮತ್ತೆ ಶುರುಮಾಡಿದಳು. ತುಂಬ ಹೊತ್ತು ಹಿಡಿಯಿತು. ಕುರ್ಚಿ ಅಲುಗಿತು, ಭುಜ ಅಲುಗಿತು, ಮೊಣಕಾಲು ನೆಲ ಬಿಟ್ಟಿತು. ಆಮೇಲೆ ಅವಳು ನಿಂತಿದ್ದಳು, ಕುರ್ಚಿಯ ಬೆನ್ನು ಹಿಡಿದು, ಸೀರೆಗೆಲ್ಲ ಬಿಳಿ ಪುಡಿ.

"ಯಾರು ನಡುಗ್ತಿರೋದು, ನಾನೋ ನೀವೋ?" ಎಂದಳು, ಉಸಿರು ಸಿಕ್ಕ ಮೇಲೆ.

"ಇಬ್ಬರೂ."

"ಒಂದಿನ ಆಗದೆ ಹೋಗಬಹುದು. ಆಗ ಎತ್ತಿ, ಬೇಡ ಅನ್ನಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ಕೇಳಿ ಎತ್ತಿ."

ಕಡ್ಡಿ ಹೂಂ ಎಂದ. ಅವಳು ತಮ್ಮನಿಗೆ ಫೋನು ಮಾಡಿ, ನಡೆದದ್ದನ್ನು ಎರಡರಷ್ಟು ಮಾಡಿ ಹೇಳತೊಡಗಿದಳು. ಕಡ್ಡಿ ಮೇಜಿನ ಮುಂದೆ ಕೂತ. ಸಂತೋಷವಾಗಿತ್ತು, ಸುಳ್ಳಲ್ಲ. ಆದರೆ ಆ ಸಂತೋಷದ ಒಳಗೆ ಏನೋ ಒಂದು ಅತ್ತಿತ್ತ ಓಡಾಡುತ್ತಿತ್ತು. ಯಾವುದಕ್ಕಾಗಿ ಇಷ್ಟು ದಿನ ಮೈ ಹುಣ್ಣು ಮಾಡಿಕೊಂಡನೋ ಆ ಕೆಲಸ ಅವನದಾಗಿ ಉಳಿದಿರಲಿಲ್ಲ. ಹಾಗಾದರೆ ನಾಳೆ ಜಿಮ್‌ಗೆ ಯಾಕೆ ಹೋಗಬೇಕು? ಸಂಜೆಯವರೆಗೆ ಈ ಪ್ರಶ್ನೆಯ ಸುತ್ತ ಸುತ್ತಿದ.

ಆದರೂ ಮರುದಿನ ಬೆಳಿಗ್ಗೆ ಹತ್ತಕ್ಕೆ ಅವನು ಜಿಮ್‌ನಲ್ಲಿದ್ದ. ಹೆಂಡತಿ ಮೈಕೈ ನೋವೆಂದು ಮನೆಯಲ್ಲೇ ಉಳಿದಿದ್ದಳು. ಸುದ್ದಿ ಕೇಳಿ ಕೋಚಮ್ಮ ಸೀಟಿ ಊದಿಬಿಟ್ಟರು. ಮೂಲೆಯಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು.

"ಸರಿ, ಇನ್ನು ಯಾರನ್ನ ಎತ್ತಬೇಕು ಸಾರ್?"

"ಗೊತ್ತಿಲ್ಲ ಮೇಡಂ," ಎಂದ ಕಡ್ಡಿ. "ಮನೇಲಿ ಕೂರೋಕಾಗಲಿಲ್ಲ. ತೊಡೆ ಕೇಳ್ತಿತ್ತು."

"ಏನಂತ ಕೇಳ್ತಿತ್ತು?"

ನಾಚಿಕೆಯಾಗಿ ನಕ್ಕ. ದೊಡ್ಡ ಚೀಲ ಹುಡುಕಿಕೊಂಡು ಹೋಗಿ, ಅದರ ಮುಂದೆ ಕೂತು, ತೋಳು ಸುತ್ತಿದ. ಇದನ್ನು ಅವನು ಇನ್ನೂ ಎತ್ತಿರಲಿಲ್ಲ. ಮೊದಲ ಸಲ ನೆಲಕ್ಕೆ ಅಂಟಿಕೊಂಡೇ ಇತ್ತು. ತೋಳನ್ನು ಸ್ವಲ್ಪ ಕೆಳಗೆ ಸರಿಸಿ, ಗಲ್ಲವನ್ನು ಚೀಲದ ಮೇಲೆ ಒತ್ತಿ, ಉಸಿರೆಳೆದುಕೊಂಡು ಮತ್ತೆ ಶುರುಮಾಡಿದ.